ಕಿವಿಗುರುತಿಗೆ ಕಾಲಂ ಇಲ್ಲದ ತಂತ್ರಾಂಶದ ಸನ್ನಿಧಾನಕ್ಕೆ

ಹೊಸದುರ್ಗ,
ಮಾಲ್ಯದ ಅಮಾವಾಸ್ಯೆ ಹತ್ತಿರವಾಗುತ್ತಿರುವ ದಿನಗಳು

ಮಾನ್ಯ ಬೇರುಬಿಳಲು ತಂತ್ರಾಂಶದವರೇ,

ಹೊಸದುರ್ಗದಿಂದ ಏಕಾಂತಮ್ಮ ಮಾಡುವ ನಮಸ್ಕಾರಗಳು. ಪತ್ರದ ಮೊದಲಿಗೆ ಎದುರಿನವರ ಆರೋಗ್ಯ ವಿಚಾರಿಸಬೇಕೆಂದು ನಮ್ಮಪ್ಪ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಆರೋಗ್ಯ ಕೆಡುವುದಕ್ಕೆ ಬೇಕಾದ ದೇಹ ತಮಗೆ ಇಲ್ಲದಿದ್ದರೂ ವಿಚಾರಿಸುತ್ತಿದ್ದೇನೆ, ಏಕೆಂದರೆ ತಾವು ಪ್ರತಿ ಸೋಮವಾರ ಬೆಳಿಗ್ಗೆ ತಪ್ಪದೆ ನಮ್ಮ ವಂಶವೃಕ್ಷದ ಆರೋಗ್ಯ ವಿಚಾರಿಸಿ, ಅದು ನೂರಕ್ಕೆ ನಲವತ್ತರಷ್ಟು ಮಾತ್ರ ಚೆನ್ನಾಗಿದೆ ಎಂದು ತಿಳಿಸುತ್ತೀರಿ. ನಮ್ಮ ಮನೆತನದ ಬಗ್ಗೆ ಇಷ್ಟು ಕಾಳಜಿಯಿಂದ ಇಷ್ಟು ಕೆಟ್ಟ ಸುದ್ದಿ ಹೇಳಿದವರು ಹಿಂದೆ ಯಾರೂ ಇರಲಿಲ್ಲ. ಕೆಟ್ಟ ಸುದ್ದಿ ಹೇಳುವವರೇನೋ ಹಟ್ಟಿಯಲ್ಲಿ ಬೇಕಾದಷ್ಟು ಮಂದಿ ಇದ್ದರು, ಕಾಳಜಿ ಇರಲಿಲ್ಲ ಅಷ್ಟೆ.

ಈ ಪತ್ರವನ್ನು ದೂರು ಎಂದು ತಾವು ದಯವಿಟ್ಟು ತಿಳಿಯಬಾರದು. ದೂರು ಕೊಡಲು ತಮ್ಮಲ್ಲಿ ಇರುವ ಚೌಕದಲ್ಲಿ ಇನ್ನೂರು ಅಕ್ಷರಗಳಿಗಷ್ಟೇ ಜಾಗವಿದ್ದು, ಅದರಲ್ಲಿ ನನ್ನ ವಂದನೆಗಳೇ ಮುಗಿಯದ ಕಾರಣ ಬಹಿರಂಗವಾಗಿ ಬರೆಯಬೇಕಾಯಿತು.

ತಮ್ಮನ್ನು ನಮ್ಮ ಮನೆತನಕ್ಕೆ ಕರೆತಂದವರು ನಮ್ಮ ದೊಡ್ಡಪ್ಪನ ಮಗ, ಹಿರಿಯೂರಿನಲ್ಲಿ ಬೋರ್‌ವೆಲ್ ಪಂಪಿನ ಅಂಗಡಿ ಇಟ್ಟುಕೊಂಡಿರುವ ಶಿವಕುಮಾರಪ್ಪಣ್ಣ. ಅವರು ತಮ್ಮನ್ನು ಏಕೆ ಕರೆತಂದರೆಂಬುದನ್ನು ತಾವು ತಿಳಿದಿರಬೇಕು. ಶ್ರೀರಾಂಪುರದ ಬಳಿಯ ನಮ್ಮ ಹಟ್ಟಿಯಲ್ಲಿ ಪ್ರತಿ ಮಾಲ್ಯದ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತೇವೆ. ಕಳಶದ ಮುಂದೆ ಹೊಸ ಬಟ್ಟೆ ಇಟ್ಟು, ತೀರಿಕೊಂಡವರಿಗೆ ಅವರವರು ಇಷ್ಟಪಡುತ್ತಿದ್ದ ಅಡುಗೆಯನ್ನೇ ಎಲೆಯಲ್ಲಿ ಎಡೆ ಇಟ್ಟು, ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕರೆದು, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಹೆಸರು ಕರೆದವರು ಬಂದು ಉಣ್ಣುತ್ತಾರೆ, ಕರೆಯದವರು ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಾರೆ ಎಂಬುದು ನಂಬಿಕೆ. ಹೆಸರುಗಳೆಲ್ಲ ಬಾಯಿಗೆ ಬರುತ್ತಿದ್ದವರು ಶಿವಕುಮಾರಪ್ಪಣ್ಣನ ತಂದೆ ತಿಮ್ಮರಾಯಪ್ಪ ದೊಡ್ಡಪ್ಪ ಒಬ್ಬರೇ. ಅವರೂ ತೀರಿಕೊಂಡ ಮೇಲೆ ಹೋದ ವರ್ಷ ಆ ಕೆಲಸವನ್ನು ಎಲ್ಲರೂ ಕೂಡಿ ಮಾಡಲು ಹೋಗಿ, ಒಬ್ಬ ಮುತ್ತಜ್ಜನನ್ನು ಎರಡು ಸಲ ಕರೆದು, ಒಬ್ಬ ಅತ್ತೆಯನ್ನು ಪೂರ್ತಿ ಮರೆತು, ಕೊನೆಗೆ ಮೂರು ತಲೆಮಾರಿನಿಂದ ನಮ್ಮ ಜೊತೆ ಹೊಲದ ಬದುವಿಗಾಗಿ ಜಗಳವಾಡಿಕೊಂಡು ಬಂದಿರುವ ಪಕ್ಕದ ಮನೆಯ ದಿವಂಗತ ಕಾಟಪ್ಪನ ಹೆಸರನ್ನೂ ಯಾರೋ ಭಕ್ತಿಯಿಂದ ಕೂಗಿಬಿಟ್ಟರು. ಕಾಟಪ್ಪ ಬಂದು ಉಂಡು ಹೋದನೆಂಬುದರಲ್ಲಿ ನಮ್ಮ ಮನೆಯ ಹೆಂಗಸರಿಗೆ ಈಗಲೂ ಅನುಮಾನವಿಲ್ಲ; ಪಾಯಸ ಕಡಿಮೆಯಾಗಿತ್ತಂತೆ.

ಆ ಅವಮಾನದ ಮಾರನೆಯ ದಿನವೇ ಶಿವಕುಮಾರಪ್ಪಣ್ಣ ತಮ್ಮನ್ನು ಬರಮಾಡಿಕೊಂಡು, ಇನ್ನು ಮುಂದೆ ತಾವು ಬರೆದುಕೊಡುವ ವಂಶವೃಕ್ಷವನ್ನು ಚಿತ್ರದುರ್ಗದಲ್ಲಿ ಫ್ಲೆಕ್ಸ್ ಮಾಡಿಸಿ ಕಳಶದ ಪಕ್ಕ ಕಟ್ಟಿ, ಅದರಲ್ಲಿ ಇರುವ ಹೆಸರುಗಳನ್ನಷ್ಟೇ ಓದುವುದೆಂದೂ, ಅದರಲ್ಲಿ ಇಲ್ಲದವರಿಗೆ ಎಡೆ ಇಲ್ಲವೆಂದೂ ಎಲ್ಲರ ಮುಂದೆ ಸಾರಿದರು. ಹೀಗೆ ನಮ್ಮಲ್ಲಿ ಯಾರು ಸತ್ತ ಮೇಲೆ ಉಣ್ಣಬೇಕು, ಯಾರು ಉಪವಾಸ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವ ಭಾರ ತಮ್ಮ ಮೇಲೆ ಬಿತ್ತು. ಇಷ್ಟು ದೊಡ್ಡ ಅಧಿಕಾರವನ್ನು ತಾವು ಅರ್ಜಿಯನ್ನೂ ಹಾಕದೆ ಪಡೆದಿರಿ, ಅಭಿನಂದನೆಗಳು.

ತಮ್ಮ ಕೆಲಸದ ಅಚ್ಚುಕಟ್ಟುತನವನ್ನು ಹೊಗಳದೆ ಮುಂದೆ ಹೋಗುವುದು ಸೌಜನ್ಯವಲ್ಲ. ನಮ್ಮಜ್ಜಿ, ಅಂದರೆ ನಮ್ಮಪ್ಪನ ತಾಯಿ, ಹುಟ್ಟಿದ್ದು ಶ್ರೀರಾಂಪುರ ಎಂದು ಬರೆದ ಕೂಡಲೇ ತಾವು ಆಕೆಯನ್ನು ಬೆಂಗಳೂರಿನ ಶ್ರೀರಾಂಪುರದಲ್ಲಿ, ರೈಲು ಹಳಿಯ ಪಕ್ಕದಲ್ಲಿ ಹುಟ್ಟಿಸಿದಿರಿ. ರೈಲನ್ನೇ ಕಾಣದೆ ಸತ್ತ ಆಕೆಗೆ ಇದಕ್ಕಿಂತ ದೊಡ್ಡ ಉಡುಗೊರೆ ಏನಿದೆ? ಹುಟ್ಟಿದ ದಿನ, ತಿಂಗಳು, ವರ್ಷ ಕೇಳಿದಿರಿ. ಮಾರಿಕಣಿವೆ ಕಟ್ಟೆ ಕಟ್ಟುವಾಗ ತೊಟ್ಟಿಲಲ್ಲಿದ್ದೆ ಎಂದು ಆಕೆ ಹೇಳುತ್ತಿದ್ದ ಮಾತನ್ನು ಯಥಾವತ್ತಾಗಿ ತುಂಬಿದರೆ ಕೆಂಪು ಅಕ್ಷರದಲ್ಲಿ ನಿರಾಕರಿಸಿದಿರಿ. ಕೊನೆಗೆ ಅಂದಾಜಿನ ಮೇಲೆ ಸಾವಿರದ ಒಂಬೈನೂರ ಐದು ಎಂದು ಹಾಕಿದ ಮೇಲೆಯೇ ಆಕೆಗೆ ಹುಟ್ಟುವ ಅನುಮತಿ ಸಿಕ್ಕಿತು. ನಮ್ಮಪ್ಪ ತನ್ನ ಅಕ್ಕನ ಮಗಳನ್ನೇ ಮದುವೆಯಾದವರು. ನಮ್ಮ ಕಡೆ ಇದು ಹೊಸದೂ ಅಲ್ಲ, ಗುಟ್ಟೂ ಅಲ್ಲ. ಅದನ್ನು ನೋಡಿ ಮಾತ್ರ ತಾವು ಗಾಬರಿಯಾಗಿ, 'ನಿಮ್ಮ ಮರದಲ್ಲಿ ಕುಣಿಕೆ ಕಂಡುಬಂದಿದೆ, ಪರಿಶೀಲಿಸಿ' ಎಂದು ಎಚ್ಚರಿಸಿದಿರಿ. ಪರಿಶೀಲಿಸಲು ಅಪ್ಪ ಅಮ್ಮ ಇಬ್ಬರೂ ಈಗ ಇಲ್ಲ. ಇದ್ದಿದ್ದರೆ ಖಂಡಿತ ತಮ್ಮ ಮುಂದೆ ತಂದು ನಿಲ್ಲಿಸುತ್ತಿದ್ದೆ, ಇಬ್ಬರೂ ಕೂಡಿ ತಮ್ಮನ್ನೇ ಪರಿಶೀಲಿಸುತ್ತಿದ್ದರು.

ಇನ್ನು ಉಯಿಲಿನ ವಿಚಾರ. ತಾವು 'ಪೂರ್ವಜರ ಉಯಿಲುಗಳನ್ನು ಇಲ್ಲಿ ದಾಖಲಿಸಿ' ಎಂದು ಹಸಿರು ಬಣ್ಣದ ಗುಂಡಿ ಇಟ್ಟಿರುವುದನ್ನು ಕಂಡು ನಮಗೆ ಹೆಮ್ಮೆಯಾಯಿತು, ಏಕೆಂದರೆ ಇಡೀ ಹಟ್ಟಿಯಲ್ಲಿ ಉಯಿಲು ಬರೆಸಿದ್ದ ಏಕೈಕ ವ್ಯಕ್ತಿ ನಮ್ಮಜ್ಜಿ. ಅದು ಸಾವಿರದ ಒಂಬೈನೂರ ಎಪ್ಪತ್ತೈದರ ಸುಗ್ಗಿಯ ಹೊತ್ತು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ಬೆಳಗನ್ನು ಎಷ್ಟು ಮಂದಿ ಎಷ್ಟು ಸಲ ಹೇಳಿದ್ದಾರೆಂದರೆ, ಹುಟ್ಟದೇ ಇದ್ದದ್ದು ನನಗೆ ದೊಡ್ಡ ಅಡ್ಡಿಯಾಗಿಲ್ಲ. ಅಜ್ಜಿ ಮನೆ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದಳು, ಗೊಲ್ಲಪ್ಪ ಮೇಷ್ಟ್ರು ಛಾಪಾಕಾಗದವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಅರ್ಧ ಹಟ್ಟಿ ಸುತ್ತ ನಿಂತಿತ್ತು. ಮೇಷ್ಟ್ರು ಪದ್ಧತಿಯಂತೆ 'ಯಾರ ಒತ್ತಾಯವೂ ಇಲ್ಲದೆ' ಎಂದು ಬರೆದು ಓದಿದ ತಕ್ಷಣ ಅಜ್ಜಿ, "ಯಾರ ಒತ್ತಾಯ ಇಲ್ಲ ಅಂತ ಯಾಕೆ ಸುಳ್ಳು ಬರೀತೀರಿ ಮೇಷ್ಟ್ರೇ, ದೊಡ್ಡೋನು ಹೋದ ವರ್ಸದಿಂದ ತಲೆ ತಿಂತಾ ಅವ್ನೆ. ಒತ್ತಾಯ ಐತೆ ಅಂತ್ಲೇ ಬರೀರಿ" ಎಂದಳಂತೆ. ಮೇಷ್ಟ್ರು ಹಾಗೇ ಬರೆದರು. ತಾವು ಮೊನ್ನೆ 'ಉಯಿಲು ಬರೆಸುವಾಗ ಒತ್ತಾಯವಿತ್ತೇ?' ಎಂದು ಕೇಳಿದಾಗ ನಾವು ಅಜ್ಜಿಯ ಮಾತಿನಂತೆ 'ಇತ್ತು' ಎಂದೆವು, ತಾವು ಇಡೀ ಉಯಿಲನ್ನು ಅಮಾನ್ಯ ಮಾಡಿದಿರಿ. ಐವತ್ತು ವರ್ಷದಲ್ಲಿ ಯಾರೂ ಆ ಉಯಿಲನ್ನು ಪ್ರಶ್ನಿಸಿರಲಿಲ್ಲ, ತಲೆ ತಿಂದ ದೊಡ್ಡಪ್ಪನೂ ಸೇರಿದಂತೆ. ಶಿವಕುಮಾರಪ್ಪಣ್ಣ ಹಿಂದಕ್ಕೆ ಹೋಗಿ 'ಇರಲಿಲ್ಲ' ಎಂದು ಒತ್ತಿದ ಮೇಲೆ ತಮಗೆ ಸಮಾಧಾನವಾಯಿತು. ಸತ್ಯ ಹೇಳಿದವಳ ಉಯಿಲನ್ನು ತಿರಸ್ಕರಿಸಿ ಸುಳ್ಳು ಹೇಳಿದವರಿಂದ ಸ್ವೀಕರಿಸುವ ಈ ಕ್ರಮವನ್ನು ತಾವು ಯಾವ ಕಚೇರಿಯಲ್ಲಿ ಕಲಿತಿರೆಂದು ಕೇಳುವುದಿಲ್ಲ, ಎಲ್ಲ ಕಚೇರಿಗಳಲ್ಲೂ ಕಲಿಸುತ್ತಾರೆ.

ಉಯಿಲಿನ ಒಳಗಿನ ಕಲಮುಗಳನ್ನು ತಾವು ಎಷ್ಟು ಚೆನ್ನಾಗಿ ವಿಂಗಡಿಸಿದಿರಿ! ಹೊಲಗಳು ಸ್ಥಿರಾಸ್ತಿ ಎಂಬಲ್ಲಿಗೆ ಸರಾಗವಾಗಿ ಹೋದವು. ಅದರ ಮುಂದಿನ ಕಲಮಿನಲ್ಲಿ ಅಜ್ಜಿ, "ಕಾಟಪ್ಪನ ಮನೇರ ಜತೆಗಿರೋ ಬದುವಿನ ಜಗಳನೂ ದೊಡ್ಡೋನಿಗೇ. ಆಡೋದಾದ್ರೆ ಚಂದಾಗಿ ಆಡ್ಲಿ, ಇಲ್ದಿದ್ರೆ ಬಿಡ್ಲಿ" ಎಂದು ಹೇಳಿದ್ದಾಳೆ, ತಾವು ಆ ಜಗಳವನ್ನು ಚರಾಸ್ತಿಯಲ್ಲಿ ಸೇರಿಸಿ ಅದರ ಇಂದಿನ ಮಾರುಕಟ್ಟೆ ಬೆಲೆ ಕೇಳಿದಿರಿ. ಮೂರನೆಯದು ನಮ್ಮ ದೊಡ್ಡಮ್ಮ, ಅಂದರೆ ಶಿವಕುಮಾರಪ್ಪಣ್ಣನ ತಾಯಿ ಗಿರಿಯಮ್ಮನವರದು: "ದೊಡ್ಡ ಸೊಸೆಗೆ ನಾನು ಉಣ್ಣೋ ಕಂಚಿನ ತಟ್ಟೆ. ಉಂಡ್ಯಾ ಅಂತ ಒಂದಿನ ಕೇಳ್ಲಿಲ್ಲ, ತಟ್ಟೆ ನೋಡಿದಾಗಾದ್ರೂ ನೆಪ್ಪಾಗ್ಲಿ." ದೊಡ್ಡಮ್ಮ ಸಾಯುವ ತನಕ ಅದೇ ತಟ್ಟೆಯಲ್ಲಿ, ಬಂದವರಿಗೆಲ್ಲ "ನಮ್ಮತ್ತೆ ಕೊಟ್ಟಿದ್ದು" ಎಂದು ತೋರಿಸಿಕೊಂಡು ಉಂಡರು. ಅಂಥ ಗಟ್ಟಿ ಹೆಂಗಸಿನ ಮಗನಾದರೂ ಶಿವಕುಮಾರಪ್ಪಣ್ಣ ಮಾತ್ರ ಈ ಕಲಮಿನ ಪಕ್ಕದಲ್ಲಿ ತಾವು ಇಟ್ಟಿರುವ 'ಮರೆಮಾಡಿ' ಎಂಬ ಸೌಲಭ್ಯವನ್ನು ಕೂಡಲೇ ಬಳಸಿಕೊಂಡರು.

ನಾಲ್ಕನೆಯ ಕಲಮಿಗೆ ಬರುತ್ತೇನೆ. ಈ ಪತ್ರ ಇರುವುದೇ ಅದಕ್ಕಾಗಿ. "ಕಿವಿಗುರುತು ಈರಕ್ಕಂಗೆ. ನಾನು ಹೋದ ಮ್ಯಾಲೆ ನಮ್ಮನೆ ಕುರಿ ಕಿವೀಗೆ ಕತ್ತಿ ಇಕ್ಕೋದು ಅವಳು. ಇನ್ಯಾರೂ ಮುಟ್ಟಂಗಿಲ್ಲ."

ಈರಕ್ಕ ಯಾರೆಂದು ತಾವು ಕೇಳುತ್ತೀರಿ, ಕೇಳುತ್ತಲೇ ಇದ್ದೀರಿ. ನಮ್ಮಪ್ಪ ಮೊಲೆಹಾಲು ಕುಡಿಯುವ ಕೂಸಾಗಿದ್ದ ವರ್ಷ, ಅಜ್ಜಿಯವರ ಕುರಿಮಂದೆ ಹೊಳಲ್ಕೆರೆ ಕಡೆಯ ಒಂದು ಹೊಲದಲ್ಲಿ ಗೊಬ್ಬರಕ್ಕಾಗಿ ನಿಂತಿದ್ದಾಗ, ಅದೇ ಹೊಲಕ್ಕೆ ಕೂಲಿಗೆ ಬಂದಿದ್ದ ಹುಲಿಗೆಮ್ಮ ಎಂಬ ಹೆಂಗಸು ಹೆತ್ತು ತೀರಿಕೊಂಡಳು. ಅಜ್ಜಿ ಒಂದು ಕಡೆ ತನ್ನ ಮಗನನ್ನೂ ಇನ್ನೊಂದು ಕಡೆ ಆ ಹೆಣ್ಣುಕೂಸನ್ನೂ ಹಾಕಿಕೊಂಡು ಹಾಲು ಕುಡಿಸಿದಳು, ಮಂದೆ ಹೊರಟಾಗ ಕೂಸೂ ಹೊರಟಿತು. ಅದೇ ಈರಕ್ಕ. ದೊಡ್ಡವಳಾಗಿ ಮದುವೆಯಾಗಿ ಗಂಡನ ಮನೆಗೆ ಹೋಗಿ, ಅವರು ಕುರಿ ಸಾಕುವ ರೀತಿ ಹಿಡಿಸದೆ ಒಂದೇ ಮಳೆಗಾಲಕ್ಕೆ ತಿರುಗಿ ಬಂದು, ಈಗ ಎಂಬತ್ತು ದಾಟಿದ ಮೇಲೂ ನಮ್ಮ ಹಟ್ಟಿಯಲ್ಲೇ ಇದ್ದಾಳೆ.

ಕಿವಿಗುರುತು ಏನೆಂದೂ ತಾವು ಕೇಳುತ್ತೀರಿ. ಹತ್ತು ಮನೆಯ ಕುರಿಗಳು ಒಂದೇ ಕಾವಲಿನಲ್ಲಿ ಮೇಯುವಾಗ ಯಾವುದು ಯಾರದೆಂದು ತಿಳಿಯಲು ಮರಿಯ ಕಿವಿಯನ್ನು ಒಂದೊಂದು ಮನೆಯವರು ಒಂದೊಂದು ರೀತಿ ಕತ್ತರಿಸುತ್ತಾರೆ. ನಮ್ಮದು ಬಲಗಿವಿಯ ತುದಿಗೆ ಸೀಳು, ಎಡಗಿವಿಯ ಹಿಂಬದಿಗೆ ಅರ್ಧಚಂದ್ರದಂಥ ಕಚ್ಚು. ಆ ಕತ್ತಿ ಹಿಡಿಯುವ ಹಕ್ಕು ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ. ಸೊಸೆಗಿಲ್ಲ, ಅಳಿಯನಿಗಿಲ್ಲ, ಸಂಬಳಕ್ಕಿರುವ ಕುರಿಗಾರನಿಗಂತೂ ಇಲ್ಲವೇ ಇಲ್ಲ. ಅಜ್ಜಿ ಆ ಮನೆಯ ಮಗಳು, ಅಜ್ಜ ಮನೆಯಳಿಯನಾಗಿ ಬಂದವರು, ಹಾಗಾಗಿ ಕತ್ತಿ ಅಜ್ಜಿಯ ಕೈಯಲ್ಲಿತ್ತು. ಆ ಕಲಮನ್ನು ಆಕೆ ಹೇಳಿದಾಗ ಮೇಷ್ಟ್ರು ಲೇಖನಿ ಎತ್ತಿ ಕಟ್ಟೆಯ ಸುತ್ತ ನಿಂತವರ ಕಡೆ ನೋಡಿದರಂತೆ. ಕೊನೆಗೆ ಕಾಟಪ್ಪನೇ, ನಮ್ಮ ಮನೆ ವಿಚಾರದಲ್ಲಿ ಮಾತಾಡುವ ಯಾವ ಅಧಿಕಾರವೂ ಇಲ್ಲದಿದ್ದರೂ, "ಹಂಗಾರೆ ಈರಿ ನಿನ್ನ ಹೊಟ್ಟೇಲಿ ಹುಟ್ಟಿದ ಮಗಳೇ ಅಂದಂಗಾತಲ್ಲ ಬಿಡವ್ವ" ಎಂದ. ಅಜ್ಜಿ ಅವನ ಕಡೆ ತಿರುಗದೆ, "ನಾನು ಹಂಗಂದ್ನೇನು? ನಾನು ಆಡಿದ್ದು ಕುರಿ ಕಿವಿ ಮಾತು" ಎಂದು ಹೇಳಿ ಹೆಬ್ಬೆಟ್ಟು ಒತ್ತಿದಳು. ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಮುಂದಿನ ವರ್ಷ ಅಜ್ಜಿ ತೀರಿಕೊಂಡಳು, ಈರಕ್ಕ ಕತ್ತಿ ತೆಗೆದುಕೊಂಡಳು, ಅಂದಿನಿಂದ ನಮ್ಮ ವಂಶದ ಯಾರ ಕುರಿಯ ಕಿವಿಯೇ ಆಗಲಿ ಅವಳ ಕೈಯಲ್ಲೇ ಕತ್ತರಿಸಿಕೊಂಡಿದೆ.

ತಮ್ಮಲ್ಲಿ ಕಿವಿಗುರುತಿಗೆ ಕಾಲಂ ಇಲ್ಲ. ಸ್ಥಿರಾಸ್ತಿ, ಚರಾಸ್ತಿ, ಒಡವೆ, ಇತರೆ ಎಂದಿದೆ, 'ಇತರೆ' ಆರಿಸಿದೆವು. ಪಡೆದುಕೊಂಡವರ ಸಂಬಂಧವೇನೆಂದು ಕೇಳಿದಿರಿ. 'ದತ್ತು' ಎಂದರೆ ದತ್ತಕ ಪತ್ರದ ಸಂಖ್ಯೆ ಬೇಕೆಂದಿರಿ, ಕುರಿಮಂದೆಯ ನಡುವೆ ಹಾಲು ಕುಡಿಸುವಾಗ ಅಜ್ಜಿ ಯಾವ ಪತ್ರವನ್ನೂ ಮಾಡಿಸಿರಲಿಲ್ಲ. 'ಮಗಳು' ಎಂದರೆ ಉಯಿಲಿನಲ್ಲಿ ಆ ಪದ ಇಲ್ಲವೆಂದಿರಿ. ಕೊನೆಗೆ ಅಲ್ಲಿಯೂ 'ಇತರೆ'. ಹೀಗಾಗಿ ತಮ್ಮ ದಾಖಲೆಯಲ್ಲಿ ನಮ್ಮಜ್ಜಿ ಇತರೆ ಎಂಬುದನ್ನು ಇತರೆ ಎಂಬವರಿಗೆ ಬಿಟ್ಟು ತೀರಿಕೊಂಡಿದ್ದಾಳೆ. ಮರದ ಯಾವ ಕೊಂಬೆಗೂ ಗೆರೆ ಸೇರದ ಈರಕ್ಕನನ್ನು ತಾವು 'ಸಂಬಂಧವಿಲ್ಲದ ವ್ಯಕ್ತಿಗಳು' ಎಂಬ ಬೂದು ಬಣ್ಣದ ಡಬ್ಬಿಯಲ್ಲಿ ಒಬ್ಬಳನ್ನೇ ಕೂರಿಸಿ, ಡಬ್ಬಿಯಲ್ಲಿರುವವರು ಮುದ್ರಣದಲ್ಲಿ ಬರುವುದಿಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ತಿಳಿಸಿದ್ದೀರಿ.

ಸುದ್ದಿ ಹಟ್ಟಿಗೆ ಮುಟ್ಟಿದ ದಿನವೇ ಈರಕ್ಕ ಬಸ್ಸು ಹತ್ತಿ ಹೊಸದುರ್ಗಕ್ಕೆ ಬಂದು ನನ್ನ ಮೇಜಿನ ಮುಂದೆ ಕೂತಳು. "ಎಲ್ಲಿ ಇಕ್ಕಿದೀರಿ ನನ್ನ, ತೋರ್ಸೇ ಹುಡುಗಿ" ಎಂದಳು, ತೋರಿಸಿದೆ. ಬಹಳ ಹೊತ್ತು ನೋಡಿ, "ಇದೇನೇ ಇದು, ಎಲ್ಲಾರ್ನೂ ದೊಡ್ಡಿ ಒಳಗೆ ಕೂಡಿ ನನ್ನೊಬ್ಬಳ್ನ ಹೊರಗೆ ನಿಲ್ಸಿದೀರಲ್ಲ, ತೋಳ ಬಂದ್ರೆ ಏನ್ ಗತಿ" ಎಂದಳು. ನಾನು ಸಮಾಧಾನ ಹೇಳಲು ಹೋದರೆ ಇನ್ನೂ ಏರಿದಳು: "ನಾನೇನು ಹೊಲ ಕೇಳಿದ್ನಾ, ಮನಿ ಕೇಳಿದ್ನಾ? ಸತ್ತ ಮ್ಯಾಲೆ ವರ್ಸಕ್ಕೊಂದು ಎಡೆ. ಒಂದು ಮುದ್ದೆ, ಒಂದಿಷ್ಟು ಉಳ್ಳಿಕಾಳು ಸಾರು, ಎಲಿ ಅಡಿಕಿ ಜತೀಗೆ ಒಂಚೂರು ಹೊಗೆಸೊಪ್ಪು. ಕರೀದೆ ಹೋಗಿ ಉಣ್ಣಾಕೆ ನಾನೇನು ಕಾಟಪ್ಪನಾ?" ಆಮೇಲೆ ಸ್ವಲ್ಪ ತಣ್ಣಗಾಗಿ, ಹೆಸರು ಹಾಕುವುದಾದರೆ ಗಿರಿಯಮ್ಮನ ಹೆಸರಿಗಿಂತ ಒಂದು ಬೆರಳು ಮೇಲೆ ಹಾಕಬೇಕೆಂಬ ಷರತ್ತನ್ನೂ ಸೇರಿಸಿದಳು.

ಶಿವಕುಮಾರಪ್ಪಣ್ಣನಿಗೆ ಫೋನು ಮಾಡಿದೆ. "ನಾನೇನು ಬ್ಯಾಡ ಅಂದ್ನಾ ಅಜ್ಜಮ್ಮ? ಈರಕ್ಕ ಅಂದ್ರೆ ನನಗೇನು ಬ್ಯಾರೆನಾ? ಮೊನ್ನೆ ನಮ್ಮ ಮರಿಗೆ ಅವಳೇ ಕಿವಿ ಕೊಯ್ದು ಅರಿಸಿಣ ಹಚ್ಚಿ ಹೋಗವ್ಳೆ. ಆದ್ರೆ ಸಾಫ್ಟ್‌ವೇರು ತಗಳ್ತಿಲ್ಲಲ್ಲ! ಒತ್ತಿದ್ರೆ ಕೆಂಪಗೆ ಬರ್ತೈತೆ. ಅದಕ್ಕೆ ನಾನೇನ್ ಮಾಡ್ಲಿ?" ಎಂದರು. ಮನುಷ್ಯರೇ 'ಆಗುವುದಿಲ್ಲ' ಎಂದು ಮುಖ ನೋಡಿ ಹೇಳಬೇಕಾಗಿದ್ದ ಕಾಲದಲ್ಲಿ ಅವರಿಗೆ ಸ್ವಲ್ಪವಾದರೂ ಸಂಕೋಚವಾಗುತ್ತಿತ್ತು. ಆ ಸಂಕೋಚದಿಂದ ಇಡೀ ಮನುಕುಲವನ್ನು ಪಾರುಮಾಡಿದ ತಮ್ಮ ಉಪಕಾರ ದೊಡ್ಡದು.

ಅವರು ನನ್ನನ್ನು ಅಜ್ಜಮ್ಮ ಎಂದದ್ದು ತಮಗೆ ವಿಚಿತ್ರವೆನಿಸಿದ್ದರೆ ವಿವರಿಸುತ್ತೇನೆ. ನಮ್ಮಲ್ಲಿ ಅಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ಹುಟ್ಟುವ ಮೊದಲ ಹೆಣ್ಣುಕೂಸಿಗೆ ಆಕೆಯದೇ ಹೆಸರಿಡುತ್ತಾರೆ. ಅಜ್ಜಿಯ ಹೆಸರು ಏಕಾಂತಮ್ಮ. ಆಕೆ ಹೋದ ಮರುವರ್ಷ ಹುಟ್ಟಿದ ನಾನೂ ಏಕಾಂತಮ್ಮ. ಹೆತ್ತ ತಾಯಿಯ ಹೆಸರನ್ನು ಹಿಡಿದು ಕೂಗಲಾಗದೆ ನಮ್ಮಪ್ಪ ನನ್ನನ್ನು ಕೊನೆಯ ತನಕ 'ಅವ್ವ' ಎಂದೇ ಕರೆದರು, ಬೈಯಬೇಕಾದಾಗ ಪಕ್ಕದ ಕಂಬವನ್ನು ನೋಡಿ ಬೈಯುತ್ತಿದ್ದರು. ನನಗಿಂತ ಎಷ್ಟೋ ದೊಡ್ಡವರಾದ ಶಿವಕುಮಾರಪ್ಪಣ್ಣನಿಗೆ ನಾನು ಅಜ್ಜಮ್ಮ. ಈ ಗೌರವವನ್ನು ಕೊಡಲು ಒಪ್ಪದೇ ಇದ್ದವಳು ಈರಕ್ಕ ಒಬ್ಬಳೇ. "ನಮ್ಮವ್ವ ಸತ್ತೋದ್ಲು. ಈ ಸಿಂಬಳದ ಹುಡುಗೀನ ಅವ್ವ ಅನ್ನಾಕೆ ನನಗೇನು ಗ್ರಾಚಾರ" ಎಂದು ನನ್ನ ನಾಮಕರಣದ ದಿನವೇ ಹೇಳಿದವಳು, ನಾನು ಎಂ.ಎ. ಮುಗಿಸಿ ಬಂದು ಕಾಲಿಗೆ ಬಿದ್ದಾಗಲೂ "ಏಳೇ ಹುಡುಗಿ" ಎಂದೇ ಎಬ್ಬಿಸಿದಳು.

ಈಗ ತಮ್ಮ ಮಹಾಕಾರ್ಯಕ್ಕೆ ಬರುತ್ತೇನೆ. ಒಂದೇ ಊರಿನ ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರನ್ನು ಕಂಡ ತಾವು 'ಇವರಿಬ್ಬರೂ ಒಬ್ಬರೇ ಎಂದು ತೋರುತ್ತದೆ. ಸೇರಿಸಲೇ?' ಎಂದು ವಿನಯದಿಂದ ಕೇಳಿದಿರಿ, ಪಂಪು ಬಿಚ್ಚಿಕೊಂಡು ಕೂತಿದ್ದ ಶಿವಕುಮಾರಪ್ಪಣ್ಣ ಗ್ರೀಸು ಮೆತ್ತಿದ ಬೆರಳಿನಿಂದ 'ಹೌದು' ಎಂದು ಒತ್ತಿದರು. ಯಾಕೆ ಒತ್ತಿದಿರಿ ಎಂದು ಆ ಮೇಲೆ ಕೇಳಿದರೆ, "ಮತ್ತೆ ಒಂದೇ ಅಲ್ವೇನು ಅಜ್ಜಮ್ಮ? ನಾವು ಮೊದಲಿಂದ್ಲೂ ಹಂಗೇ ನಡ್ಕಂಡಿಲ್ವಾ?" ಎಂದು ನನ್ನನ್ನೇ ಕೇಳಿದರು. ಹೀಗೆ ನಾನು ಮಾರಿಕಣಿವೆ ಕಟ್ಟುವಾಗ ತೊಟ್ಟಿಲಲ್ಲಿದ್ದು, ನಮ್ಮಪ್ಪನನ್ನು ಹೆತ್ತು, ಎಪ್ಪತ್ತೈದರಲ್ಲಿ ಉಯಿಲು ಬರೆಸಿ, ಎಪ್ಪತ್ತಾರರಲ್ಲಿ ತೀರಿಕೊಂಡು, ಆಮೇಲೆ ಕನ್ನಡ ಎಂ.ಎ. ಮಾಡಿಕೊಂಡೆ. ಸತ್ತ ನಂತರದ ಈ ವ್ಯಾಸಂಗವನ್ನು ತಾವು 'ವಿಶೇಷ ಸಾಧನೆ' ಎಂದು ನಕ್ಷತ್ರ ಹಾಕಿ ಗುರುತಿಸಿದ್ದಕ್ಕೆ ಕೃತಜ್ಞಳು. ನಾನು ತಮ್ಮಲ್ಲಿ ಆಗಾಗ ಲಾಗಿನ್ ಆಗುವುದನ್ನು ಗಮನಿಸಿ ಸತ್ತ ದಿನಾಂಕವನ್ನು ತಾವೇ ಅಳಿಸಿಹಾಕಿ, ಹೋದ ವಾರ ನೂರಿಪ್ಪತ್ತು ವರ್ಷ ತುಂಬಿದ್ದಕ್ಕೆ ಕೇಕಿನ ಚಿತ್ರವನ್ನೂ ಕಳಿಸಿಕೊಟ್ಟಿರಿ.

ನಿಜ ಹೇಳಬೇಕೆಂದರೆ ಈ ಪತ್ರವನ್ನು ಆ ಕೇಕು ಬಂದ ದಿನ, ನಮ್ಮಿಬ್ಬರನ್ನೂ ಕೂಡಲೇ ಬೇರೆ ಮಾಡಬೇಕೆಂದು ಕೇಳಿಕೊಳ್ಳುವುದಕ್ಕಾಗಿಯೇ ಶುರುಮಾಡಿದ್ದೆ. ಅಷ್ಟರಲ್ಲಿ ಈರಕ್ಕ ತನ್ನ ಹೆಸರು ಡಬ್ಬಿಯಿಂದ ಹೊರಗೆ ಬಂತೇ ಎಂದು ನೋಡಲು ಇನ್ನೊಮ್ಮೆ ಬಂದಳು. ಅವಳಿಗೆ ತೋರಿಸಲು ಅಜ್ಜಿಯ ಪುಟ ತೆರೆದಾಗ ಹಿಂದೆ ಕಾಣದಿದ್ದ ಎರಡು ಮಾತುಗಳು ಅಲ್ಲಿದ್ದವು. ಉಯಿಲಿನ ಕೆಳಗೆ 'ಇದನ್ನು ಬರೆಸಿದವರು ಜೀವಂತವಾಗಿರುವುದರಿಂದ ತಿದ್ದುಪಡಿಗೆ ಅವಕಾಶವಿದೆ' ಎಂದೂ, ಪಕ್ಕದಲ್ಲಿ 'ತಮ್ಮ ಮಕ್ಕಳನ್ನು ಸೇರಿಸಿ' ಎಂದೂ ಇತ್ತು. ಸತ್ತವರ ಮಕ್ಕಳಿಗೆ ಪತ್ರ ಕೇಳುವ ತಾವು, ಬದುಕಿರುವ ತಾಯಿಗೆ ಅವಳ ಬಾಯಿಮಾತೇ ಸಾಕೆಂದು ನಿಯಮ ಮಾಡಿರುವುದು ಆಗ ತಿಳಿಯಿತು. ಈರಕ್ಕನ ಹೆಸರು ಬರೆದೆ. 'ಈರಕ್ಕ ತಮ್ಮ ಮಗಳೇ?' ಎಂದು ಕೇಳಿದಿರಿ.

ಅದನ್ನು ಗಟ್ಟಿಯಾಗಿ ಓದಿದೆ. ಈರಕ್ಕ ಅಗಿಯುತ್ತಿದ್ದ ಎಲೆಯಡಿಕೆ ನಿಲ್ಲಿಸಿ, "ಯಾರ್ನ ಕೇಳ್ತೈತೆ ಅದು?" ಎಂದಳು. ನನ್ನನ್ನು ಎಂದೆ. "ನಿನ್ನ ಅಂದ್ರೆ?" ಎಂದಳು. ಏಕಾಂತಮ್ಮನನ್ನು ಎಂದೆ. ಆ ಪ್ರಶ್ನೆಯನ್ನು ಆ ಹೆಸರಿನವಳಿಗೆ ಹಿಂದೆ ಒಬ್ಬ ಕಾಟಪ್ಪ ಕೇಳಿದ್ದ, ಅವನಿಗೆ ಸಿಕ್ಕಿದ್ದು ಕುರಿ ಕಿವಿಯ ಉತ್ತರ. ಕವಿತೆ ಓದಿಕೊಂಡು, ಓದಿಸಿಕೊಂಡು ಬದುಕಿದವಳು ನಾನು. ಹೇಳದೆ ಬಿಟ್ಟ ಮಾತನ್ನು ಬಾಯಿಬಿಟ್ಟು ಹೇಳಿದರೆ ಕವಿತೆ ಕೆಡುತ್ತದೆಂದು ಮಕ್ಕಳಿಗೆ ಪಾಠ ಮಾಡಿದ್ದೇನೆ. ಅಜ್ಜಿ ಬೇಕೆಂದೇ ಆಡದೆ ಹೋದ ಮಾತನ್ನು ನಾನು ಆಡುವುದು ಸರಿಯೇ ಎಂದು ಯೋಚಿಸಿದೆ. ಆದರೆ ಅಜ್ಜಿ ಆಡದೆಯೇ ಎಲ್ಲರಿಗೂ ಕೇಳಿಸಿತ್ತು, ಏಕೆಂದರೆ ಕಟ್ಟೆಯ ಸುತ್ತ ನಿಂತವರಿಗೆ ಕಿವಿಗುರುತು ಎಂದರೇನೆಂದು ಗೊತ್ತಿತ್ತು. ಈಗ ಆ ಕಟ್ಟೆಯ ಸುತ್ತ ತಾವೊಬ್ಬರೇ ನಿಂತಿದ್ದೀರಿ. 'ಹೌದು' ಎಂದು ಒತ್ತಿದೆ.

ಗೆರೆ ಎಳೆದಿರಿ. ಏಕಾಂತಮ್ಮನಿಂದ ಹೊರಟು, ನಮ್ಮಪ್ಪನ ಅಕ್ಕನಾದ ಉಚ್ಚಂಗಮ್ಮ ಅತ್ತೆ, ದೊಡ್ಡಪ್ಪ, ನಮ್ಮಪ್ಪ ಇವರ ಸಾಲಿನಲ್ಲೇ, ಒಂದೇ ಹಾಲು ಕುಡಿದ ನಮ್ಮಪ್ಪನ ಮಗ್ಗುಲಿಗೆ ಈರಕ್ಕನನ್ನು ತಂದು ಕೂರಿಸಿದಿರಿ. ಯಾವ ಕೆಂಪೂ ಬರಲಿಲ್ಲ. ನಲವತ್ತೆಂಟರ ನನಗೆ ಎಂಬತ್ತು ದಾಟಿದ ಮಗಳಿರುವುದು ತಮಗೆ ಸಹಜವೆನಿಸಿತು, ಅದಕ್ಕಾಗಿ ಆ ಕೇಕನ್ನೂ ಕ್ಷಮಿಸಿದ್ದೇನೆ. ಈರಕ್ಕ ಬೆರಳಿನಿಂದ ಆ ಗೆರೆಯ ಮೇಲೆ ಮೇಲಿಂದ ಕೆಳಗೆ ಒಮ್ಮೆ ಹೋಗಿಬಂದು, "ಗಿರಿಯಮ್ಮ ಎಲ್ಲವ್ಳೆ?" ಎಂದಳು. ಅದೇ ಸಾಲಿನಲ್ಲಿ, ದೊಡ್ಡಪ್ಪನ ಪಕ್ಕ ಎಂದೆ. "ಸೊಸೇರು ಹಂಗೇ ಮಗ್ಗುಲಿಗಿರ್ಬೇಕು. ಸಾಕು ಬಿಡು" ಎಂದಳು.

ಆದ್ದರಿಂದ ಮಾನ್ಯರೇ, ನನ್ನ ಕೋರಿಕೆಗಳು ಬದಲಾಗಿವೆ. ತಮ್ಮ ಎಂಜಿನಿಯರುಗಳು ಎಂದಾದರೊಂದು ದಿನ ಈ ತಪ್ಪನ್ನು ಕಂಡುಹಿಡಿದು ನಮ್ಮಿಬ್ಬರನ್ನು ಬಿಡಿಸಲು ಹೊರಟರೆ ದಯಮಾಡಿ ಅವರಿಗೆ ಕರೆಂಟು ಹೋಗುವಂತೆ ನೋಡಿಕೊಳ್ಳಿ. ಅಜ್ಜಿಯನ್ನು ನನ್ನಿಂದ ಬೇರೆ ಮಾಡಿದರೆ ಆಕೆ ಮತ್ತೆ ಸಾಯುತ್ತಾಳೆ, ಆಕೆ ಸತ್ತರೆ ಈರಕ್ಕ ಮತ್ತೆ ಡಬ್ಬಿಗೆ ಹೋಗುತ್ತಾಳೆ. ನಾನು ನೂರಮೂವತ್ತು, ನೂರೈವತ್ತು, ತಮಗೆ ಬೇಕಾದಷ್ಟು ವರ್ಷ ಬದುಕಿರಲು ಸಿದ್ಧಳಿದ್ದೇನೆ. ಈ ಒಪ್ಪಂದದಲ್ಲಿ ಫ್ಲೆಕ್ಸಿನ ಮೇಲೆ ನನ್ನದೇ ಎನ್ನುವ ಹೆಸರೊಂದು ಇರುವುದಿಲ್ಲ, ಮುಂದೆ ನನಗೆಂದು ಬೇರೆ ಎಲೆಯನ್ನೂ ಹಾಕುವುದಿಲ್ಲ ಎಂಬುದು ನನಗೆ ಗೊತ್ತಿದೆ. ಅಡ್ಡಿಯಿಲ್ಲ, ಒಂದು ಸಲ ಕರೆದರೆ ಇಬ್ಬರೂ ಬರುತ್ತೇವೆ; ಅಜ್ಜಿ ಹೆಚ್ಚು ಉಣ್ಣುತ್ತಿರಲಿಲ್ಲವಂತೆ. ಉಯಿಲಿನಲ್ಲಿ ಒಂದು ಅಕ್ಷರವನ್ನೂ ನಾನು ತಿದ್ದಿಲ್ಲ. ಬದುವಿನ ಜಗಳಕ್ಕೆ ಬೆಲೆ ಕಟ್ಟುವುದು ಇನ್ನೂ ಬಾಕಿ ಇದೆ, ಅದನ್ನು ವಾರಸುದಾರರಾದ ಶಿವಕುಮಾರಪ್ಪಣ್ಣನನ್ನೇ ಕೇಳಿಕೊಳ್ಳಿ.

ಕೊನೆಯದಾಗಿ ಒಂದು ಸಂಗತಿ. ಆ ದಿನ ಈರಕ್ಕ ಶ್ರೀರಾಂಪುರದ ಬಸ್ಸಿಗೆ ಹೊತ್ತಾಯಿತೆಂದು ಕೈಚೀಲ ಎತ್ತಿಕೊಂಡು ಹೊರಟವಳು, ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ಏನೋ ಮರೆತವಳಂತೆ ನಿಂತಳು. ನನ್ನ ಕಡೆ ಪೂರ್ತಿ ತಿರುಗದೆ, ಬೀದಿಯನ್ನೇ ನೋಡುತ್ತ, ನಲವತ್ತೆಂಟು ವರ್ಷ ನನಗೆ ಕೊಡದೆ ಇಟ್ಟುಕೊಂಡಿದ್ದ ಆ ಪದವನ್ನು ಹಾಕಿಯೇ ಕೇಳಿದಳು: "ಉಂಡ್ಯೇನವ್ವಾ?"

ನಾನು ಉಂಡಿರಲಿಲ್ಲ. ಹಾಗೆಂದು ಹೇಳಿದೆ. ಅವಳು ಬಸ್ಸು ಬಿಟ್ಟು ಒಳಗೆ ಬಂದು ಒಲೆ ಹಚ್ಚಿದಳು.

ತಮ್ಮ ಲೆಕ್ಕದಲ್ಲಿ ಇನ್ನೂ ಸಾಯದಿರುವುದರಿಂದ ತಮ್ಮ ಮೇಲೆ ವಿಶ್ವಾಸ ಇಡಲೇಬೇಕಾಗಿರುವ,
ಏಕಾಂತಮ್ಮ
(ಇಬ್ಬರ ಪರವಾಗಿ)

ಮರೆತ ಮಾತು: ಉಯಿಲಿನಲ್ಲಿ ಮರೆಮಾಡಿದ್ದ ತಟ್ಟೆಯ ಕಲಮನ್ನು ಬರೆಸಿದವಳ ಅಧಿಕಾರದಿಂದ ನಾನೇ ತೆರೆದಿದ್ದೇನೆ, ಫ್ಲೆಕ್ಸಿನಲ್ಲಿ ಅದು ದಪ್ಪ ಅಕ್ಷರದಲ್ಲಿ ಬರಲಿ; ಬದುಕಿದ್ದರೆ ಗಿರಿಯಮ್ಮ ದೊಡ್ಡಮ್ಮನೂ ಅದನ್ನೇ ಕೇಳುತ್ತಿದ್ದರು. ಅಂದ ಹಾಗೆ, ತಾವು ಪ್ರತಿ ಸೋಮವಾರವೂ ನಮ್ಮ ಮರದ ಆರೋಗ್ಯ ವಿಚಾರಿಸಿದ್ದೀರಿ, ನಾನು ಉಂಡೆನೇ ಎಂದು ಒಂದು ದಿನವೂ ಕೇಳಲಿಲ್ಲ. ಮುಂದಿನ ತಿದ್ದುಪಡಿಯಲ್ಲಿ ತಮಗೂ ಒಂದು ತಟ್ಟೆ ಬಿಟ್ಟುಹೋಗುವ ಯೋಚನೆ ಇದೆ.